ಸವೆಯದ ಸತು

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಈ 61 ದಿನಗಳಲ್ಲಿ ಮಲ್ಪೆ ಕಡೆ ಹೋದರೆ ಮೀನಿನ ವಾಸನೆಗಿಂತ ಪೇಂಟಿನ ವಾಸನೆಯೇ ಮೊದಲು ಮೂಗಿಗೆ ಬಡಿಯುತ್ತದೆ. ದಡ ಹತ್ತಿದ ಬೋಟುಗಳ ಹೊಟ್ಟೆ, ಹತ್ತು ತಿಂಗಳು ನೀರಿನಡಿಯಲ್ಲಿ ಅಡಗಿದ್ದದ್ದು, ಈಗ ಕಣ್ಣಿಗೆ ಬೀಳುತ್ತದೆ. ಒಬ್ಬರು ಅಂಟಿದ ಚಿಪ್ಪು ಕೆರೆಯುತ್ತಿರುತ್ತಾರೆ, ಇನ್ನೊಬ್ಬರು ತಾಡಪಾಲಿನ ಕೆಳಗೆ ಕೂತು ವೆಲ್ಡಿಂಗ್ ಮಾಡುತ್ತಿರುತ್ತಾರೆ, ಮತ್ತೊಬ್ಬರು ಬಣ್ಣದ ಡಬ್ಬಿ ಹಿಡಿದು ಮಳೆ ಬಿಡುವುದನ್ನೇ ಕಾಯುತ್ತಿರುತ್ತಾರೆ.

ಅಂಥದೊಂದು ಮಳೆಗಾಲದಲ್ಲಿ ಉಕ್ಕಿನ ಬೋಟೊಂದರ ಹಿಂಬದಿಯಲ್ಲಿ ನಿಂತಿದ್ದೆ. ಚುಕ್ಕಾಣಿಯ ಪಕ್ಕದಲ್ಲಿ, ಬೋಟಿನ ಹೊಟ್ಟೆಗೆ ಬೆಸೆದಿದ್ದ ಒಂದು ಉದ್ದನೆಯ ಲೋಹದ ಗಟ್ಟಿ. ಅಂಗಡಿಯಲ್ಲಿ ಕತ್ತರಿಸದೆ ಕೊಡುವ ಬಟ್ಟೆ ಸಾಬೂನಿನ ಬಾರಿನಷ್ಟು ಗಾತ್ರ. ಬೋಟಿನ ಮಾಲೀಕ, ಇನ್ನೂ ಮೂವತ್ತು ದಾಟದ ಯುವಕ, ಅದನ್ನು ಅಂಗೈಯಿಂದ ತಟ್ಟಿ ತೋರಿಸಿದ. "ಹೋದ ವರ್ಷ ಹಾಕಿಸಿದ ಜಿಂಕ್ ಇದು. ನೋಡಿ, ಒಂದು ಚೂರೂ ಸವೆಯಲಿಲ್ಲ. ಒಳ್ಳೇ ಮಾಲು."

ಪಕ್ಕದಲ್ಲಿದ್ದ ಹಿರಿಯ ವೆಲ್ಡರ್ ಕಪ್ಪು ಕನ್ನಡಕವನ್ನು ಹಣೆಗೇರಿಸಿ ನಕ್ಕರು. "ಒಳ್ಳೇ ಮಾಲು ಹೌದಾ ಅಲ್ವಾ ಅಂತ ಗೊತ್ತಾಗುವುದು ಹೇಗೆ ಮಾರಾಯ್ರೆ? ಅದು ಕೆಲಸವೇ ಮಾಡ್ಲಿಲ್ಲ. ಅದರ ಮೇಲೆ ಪೇಂಟ್ ಹೊಡೆದದ್ದು ಯಾರು?"

ಯುವಕನ ಮುಖ ಸಪ್ಪಗಾಯಿತು. ಅವನ ತಪ್ಪೇನೂ ಇಲ್ಲ. ಚಪ್ಪಲಿಯಾಗಲಿ, ಟೈರಾಗಲಿ, ಬಾವಿಯ ಗಡಗಡೆಯಾಗಲಿ, ಸವೆಯದೆ ಇದ್ದರೆ ಅದನ್ನು ಒಳ್ಳೆಯ ವಸ್ತು ಎನ್ನುವುದೇ ನಮ್ಮೆಲ್ಲರ ರೂಢಿ. ಆದರೆ ಸೀಮೆಸುಣ್ಣದ ಹಾಗೆ ಸವೆಯುವುದೇ ಕೆಲಸವಾದ ವಸ್ತುಗಳೂ ಇವೆ. ವರ್ಷ ಕಳೆದರೂ ಸೀಮೆಸುಣ್ಣ ಹೊಸದಾಗಿಯೇ ಉಳಿದಿದ್ದರೆ ಮೇಷ್ಟ್ರು ಪಾಠ ಮಾಡಿಲ್ಲ ಎಂದೇ ಅರ್ಥ. ಬೋಟಿನಡಿಯ ಸತುವೂ ಹಾಗೆಯೇ.

ಮನೆಯ ಮಾಡಿಗೆ ಹೊದೆಸುವ ತಗಡನ್ನು ಜಿಂಕ್ ಶೀಟು ಎನ್ನುತ್ತೇವಲ್ಲ, ಅದೇ ಜಿಂಕ್ ಪಠ್ಯಪುಸ್ತಕದಲ್ಲಿ ಸತು. ಬೋಟಿಗೆ ಹಾಕುವ ಈ ಗಟ್ಟಿಯ ಶಾಸ್ತ್ರೀಯ ಹೆಸರು ಬಲಿ ಆನೋಡ್. ಬಲಿ ಎಂದೊಡನೆ ನಮಗೆ ಕೆರೆಗೆ ಹಾರವಾದ ಭಾಗೀರಥಿ ನೆನಪಾಗುತ್ತಾಳೆ. ಹೋಲಿಕೆ ಪೂರ್ತಿ ತಪ್ಪೇನಲ್ಲ. ಮನೆಯವರು ಅವಳನ್ನು ಕೇಳಿ ತೀರ್ಮಾನಿಸಲಿಲ್ಲ, ಸತುವನ್ನೂ ಯಾರೂ ಕೇಳುವುದಿಲ್ಲ. ಆದರೆ ಸತುವಿನ ವಿಷಯದಲ್ಲಿ ಕಣ್ಣೀರಿಗೆ ಎಡೆಯಿಲ್ಲ. ಅಲ್ಲಿರುವುದು ಶುದ್ಧ ಲೆಕ್ಕ.

ಆ ಲೆಕ್ಕ ತಿಳಿಯಬೇಕಾದರೆ ತುಕ್ಕು ಹಿಡಿಯುವುದು ಎಂದರೇನು ಎಂದು ನೋಡಬೇಕು. ಸಮುದ್ರದ ನೀರಿನಲ್ಲಿ ಆಮ್ಲಜನಕ ಕರಗಿರುತ್ತದೆ. ಅದನ್ನು ಬಾಗಿಲಿಗೆ ಬಂದು ಕೂತ ವಸೂಲಿಗಾರ ಎಂದುಕೊಳ್ಳಿ. ಅದಕ್ಕೆ ಬೇಕಾದದ್ದು ಎಲೆಕ್ಟ್ರಾನು. ಉಕ್ಕು ಅದನ್ನು ಕೊಡುತ್ತದೆ, ಆದರೆ ಪುಕ್ಕಟೆಯಾಗಿ ಕೊಡಲಾಗುವುದಿಲ್ಲ. ಎಲೆಕ್ಟ್ರಾನು ಕೊಟ್ಟ ಕಬ್ಬಿಣದ ಪರಮಾಣು ತಗಡಿನಲ್ಲಿ ಉಳಿಯಲಾರದೆ ಅಯಾನಾಗಿ ನೀರಿಗಿಳಿಯುತ್ತದೆ, ಆಮೇಲೆ ಆಮ್ಲಜನಕದ ಜೊತೆ ಸೇರಿ ಕೆಂಪು ತುಕ್ಕಾಗುತ್ತದೆ. ಕೊಡುವ ಜಾಗ ಒಂದು, ವಸೂಲಿಗಾರ ಪಡೆಯುವ ಜಾಗ ಇನ್ನೊಂದು. ಒಂದೇ ತಗಡಿನ ಮೇಲೆ ಇಂಥ ಸಾವಿರಾರು ಜೋಡಿಗಳಿರುತ್ತವೆ. ಕೊಡುವ ಜಾಗ ಆನೋಡ್, ಪಡೆಯುವ ಜಾಗ ಕ್ಯಾಥೋಡ್. ಎಲೆಕ್ಟ್ರಾನು ಲೋಹದೊಳಗಿನಿಂದ ಹರಿಯುತ್ತದೆ, ಅಯಾನುಗಳು ನೀರಿನೊಳಗಿಂದ ಹರಿಯುತ್ತವೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರು ಆ ಹರಿವಿಗೆ ಹೇಳಿ ಮಾಡಿಸಿದ ದಾರಿ.

ಬೋಟಿನಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಹೊಟ್ಟೆ ಉಕ್ಕಿನದು, ನೀರು ತಳ್ಳುವ ಫ್ಯಾನು ಕಂಚಿನದೋ ಹಿತ್ತಾಳೆಯದೋ, ಅದರ ಶಾಫ್ಟು ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನದು. ಬೇರೆಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನಿಂತರೆ ಅದು ವಿದ್ಯುತ್ ಕೋಶ. 1800ರಲ್ಲಿ ಇಟಲಿಯ ವೋಲ್ಟಾ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟು ಕಟ್ಟಿದ್ದೂ ಇದನ್ನೇ. ಹಳೆಯ ಟಾರ್ಚಿನ ಸೆಲ್ಲು ನೆನಪಿಸಿಕೊಳ್ಳಿ. ಅದರ ಡಬ್ಬಿಯೇ ಸತುವಿನದು, ನಡುವಿನ ಕಡ್ಡಿ ಇಂಗಾಲದ್ದು. ಬೆಳಕು ಕೊಟ್ಟಷ್ಟೂ ಡಬ್ಬಿ ಒಳಗಿನಿಂದ ತೆಳುವಾಗುತ್ತ ಹೋಗುತ್ತದೆ. ಮರೆತು ಟಾರ್ಚಿನಲ್ಲೇ ಬಿಟ್ಟರೆ ಒಂದು ದಿನ ತೂತಾಗಿ ಒಳಗಿನದೆಲ್ಲ ಸೋರುತ್ತದೆ. ಬೋಟೂ ಅಂಥದೇ ಸೆಲ್ಲು. ಬಲ್ಬೂ ಇಲ್ಲ, ಸ್ವಿಚ್ಚೂ ಇಲ್ಲ, ಇಪ್ಪತ್ತನಾಲ್ಕು ಗಂಟೆಯೂ ಉರಿಯುತ್ತಲೇ ಇರುತ್ತದೆ. ಕಂಚಿಗಿಂತ ಉಕ್ಕು ಎಲೆಕ್ಟ್ರಾನು ಬಿಟ್ಟುಕೊಡುವುದರಲ್ಲಿ ಮುಂದು, ಹಾಗಾಗಿ ಫ್ಯಾನಿನ ಹತ್ತಿರದ ಉಕ್ಕೇ ಮೊದಲು ತಿನ್ನಿಸಿಕೊಳ್ಳುತ್ತದೆ.

ಈಗ ಈ ಕೂಟಕ್ಕೆ ಸತುವನ್ನು ಸೇರಿಸಿ. ಎಲೆಕ್ಟ್ರಾನು ಬಿಟ್ಟುಕೊಡುವ ಆತುರದಲ್ಲಿ ಸತು ಉಕ್ಕಿಗಿಂತಲೂ ಮುಂದು. ಅದು ಬಿಟ್ಟ ಎಲೆಕ್ಟ್ರಾನು ಬೆಸುಗೆಯ ಮೂಲಕ ಇಡೀ ಹೊಟ್ಟೆಗೆ ಹರಡುತ್ತದೆ. ವಸೂಲಿಗಾರ ಈಗಲೂ ಉಕ್ಕಿನ ಬಾಗಿಲಿಗೇ ಬರುತ್ತಾನೆ, ಉಕ್ಕಿನ ಕೈಯಿಂದಲೇ ಪಡೆಯುತ್ತಾನೆ. ಆದರೆ ದುಡ್ಡು ಸತುವಿನ ಜೇಬಿನದು. ಉಕ್ಕಿನ ಪರಮಾಣುಗಳು ಇದ್ದಲ್ಲೇ ಉಳಿಯುತ್ತವೆ, ಸತು ಕರಗುತ್ತ ಹೋಗುತ್ತದೆ. ಸಾಲ ತೀರಿತೇ? ಇಲ್ಲ. ಕಟ್ಟುವವರು ಬದಲಾದರು, ಅಷ್ಟೆ. ಸಮುದ್ರದಲ್ಲಿ ಸವೆತವನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಏನು ಸವೆಯಬೇಕು ಎಂದು ಗೊತ್ತುಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಮನೆಯಲ್ಲೂ ಇದಕ್ಕೆ ಸಾಕ್ಷಿ ಇದೆ. ಸತು ಲೇಪಿಸಿದ ಬಕೆಟ್ಟಿಗೆ ಗೀರು ಬಿದ್ದರೂ ಆ ಗೀರಿನಲ್ಲಿ ಬೇಗ ತುಕ್ಕು ಕಾಣುವುದಿಲ್ಲ, ಸುತ್ತಲಿನ ಸತು ಅದನ್ನು ಕಾಯುತ್ತದೆ. ತವರ ಲೇಪಿಸಿದ ಕಬ್ಬಿಣದ ಡಬ್ಬಿಗೆ ಗೀರು ಬಿದ್ದು ತೇವ ತಾಗಿದರೆ ಆಗುವುದು ಇದಕ್ಕೆ ತದ್ವಿರುದ್ಧ. ತವರ ಕಬ್ಬಿಣಕ್ಕಿಂತ ಜಿಪುಣ, ಎಲೆಕ್ಟ್ರಾನು ಬಿಚ್ಚುವುದಿಲ್ಲ. ಗೀರಿನಲ್ಲಿ ಕಂಡ ಕಬ್ಬಿಣವೇ ಎಲ್ಲರ ಪಾಲಿನ ಸಾಲ ಕಟ್ಟಬೇಕಾಗಿ ಬಂದು ಇನ್ನಷ್ಟು ಬೇಗ ತೂತಾಗುತ್ತದೆ. ಎರಡೂ ಲೇಪವೇ, ಎರಡೂ ಹೊಳಪೇ. ಗೀರು ಬಿದ್ದ ದಿನ ಗುಣ ತಿಳಿಯುತ್ತದೆ.

ಸತುವಿನ ಈ ಕೊಡುಗೈ ಗುಣವೇ ಅದನ್ನು ಅದಿರಿನಿಂದ ಬಿಡಿಸುವುದನ್ನು ಕಷ್ಟ ಮಾಡಿತ್ತು. ಅದಿರನ್ನು ಇದ್ದಿಲಿನೊಡನೆ ಕಾಯಿಸಿದರೆ ಸತು ಹೊರಬರುವ ಬಿಸಿಯಲ್ಲಿ ಅದು ಆಗಲೇ ಆವಿ. ಆವಿಗೆ ಗಾಳಿ ತಾಗಿದರೆ ಮತ್ತೆ ಬಿಳಿ ಭಸ್ಮ. ಗಾಳಿ ತಾಗದಂತೆ ಆವಿಯನ್ನು ಕೆಳಮುಖವಾಗಿ ಇಳಿಸಿ ತಣಿಸುವ ಉಪಾಯ ಕಂಡುಕೊಂಡವರು ರಾಜಸ್ಥಾನದ ಉದಯಪುರದ ಹತ್ತಿರದ ಜಾವರ್‌ನ ಕುಲುಮೆಯವರು. ಯುರೋಪು 18ನೆಯ ಶತಮಾನದಲ್ಲಿ ಸತು ತೆಗೆಯಲು ಕಲಿಯುವ ಹೊತ್ತಿಗೆ ಜಾವರ್‌ನಲ್ಲಿ ಬಳಸಿ ಬಿಸಾಡಿದ ಮಣ್ಣಿನ ಮೂಸೆಗಳ ಗುಡ್ಡೆಗಳೇ ಎದ್ದಿದ್ದವು.

ಹಡಗಿನ ಕಥೆಗೆ ಬರೋಣ. 18ನೆಯ ಶತಮಾನದ ಹಡಗುಗಳು ಮರದವು. ಮರ ಕೊರೆಯುವ ಹುಳ ಅವುಗಳ ದೊಡ್ಡ ಶತ್ರು. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದೆಸಿ ನೋಡಿತು. ಹುಳ ಒಳಗೆ ಹೋಗಲಿಲ್ಲ, ಪಾಚಿ-ಚಿಪ್ಪುಗಳೂ ಹತ್ತಿರ ಬರಲಿಲ್ಲ. ಆದರೆ ಎರಡು ವರ್ಷದ ನಂತರ ನೋಡಿದರೆ ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕರಗಿ ಹೋಗಿದ್ದವು. ಕೆಲವು ಮೊಳೆಗಳು ಮಾತ್ರ ನೆಟ್ಟಗಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಕಂದು ಕಾಗದ. ತಾಮ್ರದ ಹಾಳೆಗಳನ್ನು ಸುತ್ತಿ ತಂದಿದ್ದ ಕಾಗದವನ್ನು ಕೆಲಸದವರು ಎಲ್ಲ ಕಡೆಯೂ ಕಿತ್ತಿರಲಿಲ್ಲ. ಕಾಗದ ಉಳಿದಲ್ಲಿ ತಾಮ್ರಕ್ಕೂ ಕಬ್ಬಿಣಕ್ಕೂ ಸೋಂಕು ತಪ್ಪಿತ್ತು, ಅಲ್ಲಿ ಮೊಳೆಯೂ ಉಳಿದಿತ್ತು. ವೋಲ್ಟಾನ ಕೋಶ ಹುಟ್ಟಲು ಇನ್ನೂ ನಾಲ್ಕು ದಶಕ ಬಾಕಿಯಿತ್ತು. ಆದರೂ ನೌಕಾಪಡೆಗೆ ಪಾಠ ಸಿಕ್ಕಿತು. ತಾಮ್ರದ ಜೊತೆ ಕಬ್ಬಿಣದ ಮೊಳೆ ಕೂಡದು.

ಮುಂದಿನ ತಕರಾರು ತಾಮ್ರದ್ದೇ. ಅದೂ ನಿಧಾನಕ್ಕೆ ಸವೆಯುತ್ತಿತ್ತು. 1823ರಲ್ಲಿ ನೌಕಾಪಡೆಯವರು ರಾಯಲ್ ಸೊಸೈಟಿಯ ಅಧ್ಯಕ್ಷ ಹಂಫ್ರಿ ಡೇವಿಯ ಬಳಿಗೆ ಹೋದರು. ಗಣಿ ಕೆಲಸಗಾರರ ಸುರಕ್ಷಾ ದೀಪದಿಂದ ಹೆಸರಾದ ಡೇವಿ, ತನ್ನ ಸಹಾಯಕನಾಗಿದ್ದ ಮೈಕೆಲ್ ಫ್ಯಾರಡೆಯ ನೆರವಿನಿಂದ ಪ್ರಯೋಗಕ್ಕಿಳಿದ. ಫಲಿತಾಂಶ ಬೆರಗಿನದು. ಬಟಾಣಿ ಕಾಳಿನಷ್ಟು ಸತು 40-50 ಚದರ ಅಂಗುಲ ತಾಮ್ರವನ್ನು ಉಪ್ಪುನೀರಿನಲ್ಲಿ ಪೂರ್ತಿಯಾಗಿ ಕಾಯುತ್ತಿತ್ತು. ಸತುವೇ ಆಗಬೇಕೆಂದೂ ಇರಲಿಲ್ಲ, ಕಬ್ಬಿಣವೂ ಸಾಕಾಗುತ್ತಿತ್ತು. ಮಲ್ಪೆಯ ಬೋಟಿನಲ್ಲಿ ರಕ್ಷಣೆ ಪಡೆಯುವ ಕಬ್ಬಿಣವೇ ತಾಮ್ರದ ಪಕ್ಕದಲ್ಲಿ ರಕ್ಷಕನಾಗುತ್ತದೆ. ಬಲಿ ಯಾರು ಎಂಬುದು ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ.

1824ರಲ್ಲಿ ಡೇವಿಯ ಉಪಾಯವನ್ನು ಪೂರ್ಣ ಪ್ರಮಾಣದಲ್ಲಿ ಹೊತ್ತ ಹಡಗು 28 ತೋಪುಗಳ 'ಸಮರಾಂಗ್'. ಈ ಹಡಗು ನಮ್ಮ ಪಕ್ಕದ ಕೊಚ್ಚಿಯಲ್ಲೇ ಕಟ್ಟಿ 1822ರಲ್ಲಿ ನೀರಿಗಿಳಿಸಿದ್ದು. ಬೀಡುಕಬ್ಬಿಣದ ಗಟ್ಟಿಗಳನ್ನು ನಾಲ್ಕು ಕಡೆ ಹಾಕಿಸಿಕೊಂಡು ಅಟ್ಲಾಂಟಿಕ್ ದಾಟಿ ಬಂತು. ತಾಮ್ರ ಸವೆದಿರಲಿಲ್ಲ. ಡೇವಿ ಗೆದ್ದ.

ಗೆಲುವು ಹೆಚ್ಚು ದಿನ ಉಳಿಯಲಿಲ್ಲ. ರಕ್ಷಣೆ ಹಾಕಿಸಿಕೊಂಡ ಹಡಗುಗಳ ತಳದಲ್ಲಿ ಪಾಚಿ, ಚಿಪ್ಪು ಮೊದಲಿಗಿಂತ ಜೋರಾಗಿ ಬೆಳೆದವು. ಹಡಗು ಭಾರವಾಯಿತು, ವೇಗ ತಗ್ಗಿತು. ಕಾರಣ ಡೇವಿಯ ಯಶಸ್ಸೇ. ತಾಮ್ರ ಇಷ್ಟು ದಿನ ಚಿಪ್ಪುಗಳನ್ನು ದೂರ ಇಟ್ಟಿದ್ದು ತಾನು ಕರಗಿ ನೀರಿಗೆ ವಿಷ ಬಿಡುತ್ತಿದ್ದುದರಿಂದ. ಕರಗುವುದನ್ನು ತಡೆದೊಡನೆ ಅದು ಬರೀ ತಗಡಾಯಿತು. ಡೇವಿ ತಾಮ್ರವನ್ನು ಉಳಿಸಿದ, ತಾಮ್ರದ ಕೆಲಸವನ್ನು ಕೆಡಿಸಿದ. ನೌಕಾಪಡೆ ಆಸಕ್ತಿ ಕಳೆದುಕೊಂಡಿತು. 1829ರಲ್ಲಿ ಜಿನೀವಾದಲ್ಲಿ ತೀರಿಕೊಂಡಾಗ ಡೇವಿಗೆ ಐವತ್ತು ವರ್ಷ. ಅವನ ಉಪಾಯಕ್ಕೆ ಮರುಜೀವ ಬಂದದ್ದು ಹಡಗುಗಳು ಕಬ್ಬಿಣ, ಉಕ್ಕಿಗೆ ಬದಲಾದ ಮೇಲೆ. ಉಕ್ಕು ಕರಗಿದರೆ ಯಾರಿಗೂ ಯಾವ ಲಾಭವೂ ಇಲ್ಲವಲ್ಲ.

ಎಷ್ಟು ಸತು ಬೇಕು? ಕೈಲೆಕ್ಕ ಸುಲಭ. ಸಮುದ್ರದಲ್ಲಿ ಬಣ್ಣವಿಲ್ಲದ ಒಂದು ಚದರ ಮೀಟರ್ ಉಕ್ಕನ್ನು ಕಾಯಲು ಸುಮಾರು 100 ಮಿಲಿಆಂಪಿಯರ್ ವಿದ್ಯುತ್ತು ಬೇಕು ಎಂದಿಟ್ಟುಕೊಳ್ಳಿ. ಒಂದು ಕಿಲೋ ಸತು ತಾನು ಪೂರ್ತಿ ಕರಗುವ ಮುನ್ನ ಸುಮಾರು 780 ಆಂಪಿಯರ್-ಗಂಟೆ ಕೊಡುತ್ತದೆ. ಭಾಗಿಸಿದರೆ 7,800 ಗಂಟೆ, ಅಂದರೆ 325 ದಿನ. ಬರಿಮೈ ಉಕ್ಕಾದರೆ ಚದರ ಮೀಟರಿಗೆ ವರ್ಷಕ್ಕೆ ಒಂದು ಕಿಲೋದಷ್ಟು ಸತು ಬೇಕು. ನೀರಿನಡಿಯಲ್ಲಿ ನೂರು ಚದರ ಮೀಟರ್ ಇರುವ ಬೋಟಿಗೆ ಕ್ವಿಂಟಲ್‌ಗೂ ಮೇಲಾಯಿತು. ಅದೇ ಬೋಟಿಗೆ ಒಳ್ಳೆಯ ಬಣ್ಣ ಇದ್ದು ಚದರ ಮೀಟರಿಗೆ 15 ಮಿಲಿಆಂಪಿಯರ್ ಸಾಕಾದರೆ ಹದಿನೇಳು ಕಿಲೋದಲ್ಲಿ ವರ್ಷ ಕಳೆಯುತ್ತದೆ. ಬಣ್ಣವೇ ಮೊದಲ ಕೋಟೆ. ಬಣ್ಣ ಎದ್ದ ಕಡೆ, ಕಲ್ಲು ತಾಗಿದ ಕಡೆ, ಬೆಸುಗೆಯ ಸಂದಿಯಲ್ಲಿ ಕಾವಲು ನಿಲ್ಲುವುದು ಸತುವಿನ ಪಾಲು.

ಹಾಗಾದರೆ ಸತು ಸವೆಯದೆ ಉಳಿಯುವುದು ಯಾವಾಗ? ಮೊದಲನೆಯದು ಆ ಯುವಕನ ಬೋಟಿನಲ್ಲಿ ಆದದ್ದು. ತಳಕ್ಕೆ ಬಣ್ಣ ಹೊಡೆಯುವವರು ಸತುವಿನ ಮೇಲೂ ಒಂದು ಕೈ ಎಳೆದುಬಿಡುತ್ತಾರೆ. ಬಣ್ಣ ಮುಚ್ಚಿದ ಸತುವಿಗೆ ನೀರು ತಾಗುವುದಿಲ್ಲ, ನೀರು ತಾಗದಿದ್ದರೆ ಕೋಶ ಪೂರ್ತಿಯಾಗುವುದಿಲ್ಲ. ಎರಡನೆಯದು ಸಂಪರ್ಕದ್ದು. ಬೋಲ್ಟು ಹಾಕಿ ಕೂರಿಸಿದ ಸತುವಿನ ಕೆಳಗೆ ಬಣ್ಣವೋ ತುಕ್ಕೋ ಉಳಿದಿದ್ದರೆ ಎಲೆಕ್ಟ್ರಾನಿಗೆ ದಾರಿ ಇಲ್ಲ. ಲೋಹಕ್ಕೆ ಲೋಹ ತಾಗಲೇಬೇಕು. ಬೋಟು ದಡದಲ್ಲಿದ್ದಾಗ ಮಲ್ಟಿಮೀಟರಿನ ಒಂದು ಕಡ್ಡಿ ಸತುವಿಗೆ, ಇನ್ನೊಂದು ಉಕ್ಕಿಗೆ ಹಿಡಿದರೆ ರೋಧ ಸೊನ್ನೆಯ ಹತ್ತಿರ ಬರಬೇಕು.

ಮೂರನೆಯದು ಸತುವಿನದೇ ದೋಷ, ಕಣ್ಣಿಗೆ ಕಾಣದ್ದು. ಸತುವಿನಲ್ಲಿ ಲಕ್ಷಕ್ಕೆ ಐದು ಪಾಲಿಗಿಂತ ಹೆಚ್ಚು ಕಬ್ಬಿಣ ಬೆರೆತರೆ ಅದರ ಮೈಮೇಲೆ ಗಟ್ಟಿ ಹೊಪ್ಪಳೆ ಕಟ್ಟಿ ಅದು ಮಲಗಿಬಿಡುತ್ತದೆ. ಹಾಗಾಗಿ ಅಮೆರಿಕದ ಸೇನಾ ಮಾನದಂಡ ಕಬ್ಬಿಣಕ್ಕೆ 0.005 ಶೇಕಡಾದ ಮಿತಿ ಹಾಕಿತು. ಮೈ ಒಂದೇ ಸಮನೆ ಕರಗಲಿ ಎಂದು ತುಸು ಅಲ್ಯೂಮಿನಿಯಂ, ಕ್ಯಾಡ್ಮಿಯಂ ಬೆರೆಸುವ ಪದ್ಧತಿಯೂ ಬಂತು. ಗುಜರಿ ಸತುವನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ ಎರಕ ಹೊಯ್ದರೆ ದುಡ್ಡು ಉಳಿಯಬಹುದು, ಬೋಟು ಉಳಿಯುವುದು ಕಷ್ಟ. ಕರಗಿದ ಸತು ಬಾಣಲೆಯ ಕಬ್ಬಿಣವನ್ನೇ ಸ್ವಲ್ಪಸ್ವಲ್ಪ ಕುಡಿಯುತ್ತದೆ.

ನಾಲ್ಕನೆಯದು ಸಿಹಿನೀರು. ಉಪ್ಪಿಲ್ಲದ ನೀರಿನಲ್ಲಿ ಸತು ಬಿಳಿ ಪೊರೆ ಹೊದ್ದು ಸುಮ್ಮನಾಗುತ್ತದೆ. ನದಿ, ಕೆರೆಯಲ್ಲಿ ಓಡುವ ದೋಣಿಗೆ ಸತುವಿಗಿಂತ ಆತುರದ ಮೆಗ್ನೀಸಿಯಂ ಬೇಕು. ಉಪ್ಪು-ಸಿಹಿ ಬೆರೆತ ಅಳಿವೆಗೆ ಅಲ್ಯೂಮಿನಿಯಂ ಮಿಶ್ರಲೋಹ ಹೊಂದುತ್ತದೆ. ಅದು ತೂಕದಲ್ಲಿ ಹಗುರ, ಕಿಲೋ ಲೆಕ್ಕದಲ್ಲಿ ಸತುವಿನ ಮೂರು ಪಟ್ಟು ವಿದ್ಯುತ್ತು ಕೊಡುತ್ತದೆ.

ಮೆಗ್ನೀಸಿಯಂ ಎಂದಾಗ ಸಮುದ್ರ ಕಾಣದ ಓದುಗರಿಗೂ ಒಂದು ಮಾತು. ನಿಮ್ಮ ಬಚ್ಚಲುಮನೆಯಲ್ಲಿ ನೀರು ತುಂಬಿಟ್ಟು ಕಾಯಿಸುವ ಗೀಸರ್ ಇದ್ದರೆ ಅದರ ಉಕ್ಕಿನ ತೊಟ್ಟಿಯೊಳಗೆ ಸಾಮಾನ್ಯವಾಗಿ ಒಂದು ಮೆಗ್ನೀಸಿಯಂ ಸರಳು ಇಳಿಬಿದ್ದಿರುತ್ತದೆ. ಸರ್ವಿಸಿಗೆ ಬಂದ ಹುಡುಗ ಅದನ್ನು ಹೊರತೆಗೆದು, ಇಲಿ ತಿಂದಂತಾದ ಕಡ್ಡಿ ತೋರಿಸಿ, ಹೊಸದಕ್ಕೆ ದುಡ್ಡು ಕೇಳಿದಾಗ ಮೋಸ ಎಂದು ನಾನೂ ಒಮ್ಮೆ ರೇಗಿದ್ದೆ. ಆ ಕಡ್ಡಿ ತೊಟ್ಟಿಯ ಪರವಾಗಿ ವರ್ಷಗಟ್ಟಲೆ ಸಾಲ ಕಟ್ಟಿತ್ತು. ಅದು ಪೂರ್ತಿ ಮುಗಿದ ದಿನದಿಂದ ತೊಟ್ಟಿಯ ಸರದಿ.

ಒಳ್ಳೆಯದೆಂದು ಅತಿಯಾಗಿ ಹಾಕಿದರೂ ಕೆಡುಕು ಇದೆ. ಉಕ್ಕು ಎಲೆಕ್ಟ್ರಾನು ಹಂಚುವ ಜಾಗದಲ್ಲಿ ನೀರು ಕ್ಷಾರವಾಗುತ್ತದೆ. ರಕ್ಷಣೆ ಮಿತಿಮೀರಿದರೆ ಆ ಕ್ಷಾರ ಉಕ್ಕಿನ ಬೋಟಿನ ಬಣ್ಣವನ್ನು ಗುಳ್ಳೆ ಎಬ್ಬಿಸಬಹುದು. ಮರದ ಬೋಟಿನಲ್ಲಂತೂ ಬೋಲ್ಟಿನ ಸುತ್ತಲಿನ ಮರ ಮೆತ್ತಗಾಗಿ, ಬಿಳಿಚಿ, ನಾರುನಾರಾಗುತ್ತದೆ. ಬೋಲ್ಟು ಹೊಸದರಂತೆ ಹೊಳೆಯುತ್ತಿರುತ್ತದೆ, ಅದು ಹಿಡಿದುಕೊಳ್ಳಬೇಕಾದ ಹಲಗೆ ಸತ್ತಿರುತ್ತದೆ. ಡೇವಿಯ ತಾಮ್ರದ ಕಥೆಯೇ ಬೇರೆ ವೇಷದಲ್ಲಿ. ಅದಕ್ಕೇ ದೊಡ್ಡ ಹಡಗಿನವರು ಅಂದಾಜಿಗೆ ಬಿಡದೆ ಬೆಳ್ಳಿ-ಬೆಳ್ಳಿ ಕ್ಲೋರೈಡ್ ಕಡ್ಡಿ ನೀರಿಗೆ ಇಳಿಸಿ ಅಳೆಯುತ್ತಾರೆ. ಉಕ್ಕಿನ ಅಳತೆ ಮೈನಸ್ 0.80 ವೋಲ್ಟಿಗೋ ಅದಕ್ಕಿಂತ ತುಸು ಕೆಳಕ್ಕೋ ಇಳಿದಿದ್ದರೆ ಸರಿ. ಸತುವಿನದು ಸುಮಾರು ಮೈನಸ್ 1.05. ಎರಡರ ನಡುವಿನ ಈ ಕಾಲು ವೋಲ್ಟಿನ ಇಳಿಜಾರಿನಲ್ಲಿ ಇಡೀ ರಕ್ಷಣೆ ನಡೆಯುತ್ತದೆ.

ಮಲ್ಪೆಯಲ್ಲಿ ಆ ದಿನ ವೆಲ್ಡರ್ ಗ್ರೈಂಡರ್ ತೆಗೆದು ಸತುವಿನ ಮೇಲಿನ ಕೆಂಪು ಬಣ್ಣವನ್ನು ಕೆರೆದರು. ಒಳಗಿನಿಂದ ಬೂದುಬೆಳ್ಳಿ ಮೈ ಹೊರಬಂತು. ಅದರಿಂದ ಒಂದು ಮೊಳ ದೂರದಲ್ಲಿ ಫ್ಯಾನಿನ ಪಕ್ಕದ ಉಕ್ಕಿನಲ್ಲಿ ಕಡಲೆಕಾಳು ಕೂರುವಷ್ಟು ಗುಳಿಗಳು. ಅವಕ್ಕೆ ಬೆಸುಗೆ ತುಂಬುವ ಕೆಲಸ ಅವರಿಗೆ ಬಾಕಿಯಿತ್ತು. ತಳಕ್ಕೆ ಬಳಿಯಲು ಪಕ್ಕದಲ್ಲಿ ಇಟ್ಟಿದ್ದ ಕೆಂಪು ಬಣ್ಣದ ಡಬ್ಬಿಯನ್ನು ತಿರುಗಿಸಿ ಓದಿದೆ. ತಾಮ್ರದ ಆಕ್ಸೈಡ್. ಚಿಪ್ಪು ಹತ್ತದಂತೆ ತಾಮ್ರ ಸ್ವಲ್ಪಸ್ವಲ್ಪವೇ ಕರಗಬೇಕೆಂದು ಮಾಡಿದ ಬಣ್ಣ. ಡೇವಿಯನ್ನು ಸೋಲಿಸಿದ ತಾಮ್ರವೂ ಅವನ ಸತುವೂ ಒಂದೇ ಬೋಟಿನ ಹೊಟ್ಟೆಯಡಿಯಲ್ಲಿ, ಒಂದು ಚಿಪ್ಪನ್ನು ತಡೆಯಲು, ಒಂದು ತುಕ್ಕನ್ನು ತಡೆಯಲು, ಎರಡೂ ಕರಗುವುದಕ್ಕೆಂದೇ. ಬೇಕಾದದ್ದು ಇಷ್ಟೇ, ಒಂದು ಇನ್ನೊಂದನ್ನು ಮುಚ್ಚಬಾರದು.

"ಇನ್ನು ಇದು ಎಷ್ಟು ದಿನ ಬರ್ತದೆ?" ಯುವಕ ಕೇಳಿದ.

ವೆಲ್ಡರ್ ಗಟ್ಟಿಯ ನಡುಮಧ್ಯಕ್ಕೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದರು. "ಬರುವ ಜೂನಿಗೆ ಇಲ್ಲಿಗೆ ಇಳಿದಿರ್ಬೇಕು. ಇಳಿದ್ರೆ ಹೊಸದು ಹಾಕುವ. ಇಳಿಯದಿದ್ರೆ ನನ್ನನ್ನು ಕರೀರಿ."